ಚೌರಪ್ಪನವರ ಗಾಂಧಾರ

ಗಿಟಾರು ರಿಪೇರಿ ನಾವು ಮಾಡುವುದಿಲ್ಲ ಅಂದೆ.
ಅವರು ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು
ಒಳಗೆ ತೂಗುಹಾಕಿದ್ದ ಸೋರೆಬುರುಡೆಗಳನ್ನು ನೋಡುತ್ತ
'ಇದೊಂದು ಮೂಳೆ ಸವೆದಿದೆ. ನಿಮ್ಮಲ್ಲಿ ಮೂಳೆ ಇದೆಯಲ್ಲ' ಅಂದರು,
ಕಟುಕರಂಗಡಿಯಲ್ಲಿ ಕೇಳುವ ಹಾಗೆ,
ಅಷ್ಟೇ ಮರ್ಯಾದೆಯಿಂದ.

ಅಗ್ರಹಾರದ ಈ ಓಣಿಯಲ್ಲಿ
ನಮ್ಮಪ್ಪ ಮೋನಾಚಾರ್ ಐವತ್ತು ವರ್ಷ
ವೀಣೆಗೆ ಮೇಳ ಕಟ್ಟಿದವರು.
ಕರಿ ಮೇಣ, ಹಿತ್ತಾಳೆ ಮೆಟ್ಟು, ಇಪ್ಪತ್ತನಾಲ್ಕು ಮನೆ,
ಒಂದೊಂದು ಸ್ವರಕ್ಕೂ ಅದರದೇ ಮನೆ, ಬೀಗ ಸಮೇತ.
ಗಮಕಕ್ಕೆ ನಡುವೆ ಓಡಾಡುವ ರಹದಾರಿ ಇತ್ತು,
ನಿಲ್ಲುವ ಹಾಗಿರಲಿಲ್ಲ.
ನಿಂತದ್ದಕ್ಕೆ ಅಪಸ್ವರ ಎಂದು ಹೆಸರು.

ಎಮ್ಮೆ ಮೂಳೆ ಅರದಲ್ಲಿ ಉಜ್ಜಿ ಕೂರಿಸಿಕೊಟ್ಟೆ.
ಆರು ಕಚ್ಚು, ಆರು ತಂತಿ.
ದುಡ್ಡಿನ ಜೊತೆಗೆ ಒಂದು ಮಾತು ಕೊಟ್ಟರು:
'ಶನಿವಾರ ಬನ್ನಿ. ಸರಿಯಾಗಿ ಕೂತಿದೆಯಾ, ಕೇಳಿ ಹೇಳಿ.'

ಧನ್ವಂತರಿ ರಸ್ತೆಯ ಲಾಡ್ಜು, ಮೂರನೇ ಮಹಡಿ.
ತಮ್ಮನನ್ನು ಕಾವಲಿಗೆ ಎಳೆದುಕೊಂಡು ಹೋದೆ;
ಅವನು ಗೋಬಿ ಮಂಚೂರಿಗೆ ಸೋತ.
ಕೆಂಪು ದೀಪ, ಕ್ರಿಕೆಟ್ಟಿನ ಟೀವಿ.
ಮೂಲೆಯಲ್ಲಿ ಚೌರಪ್ಪ, ಇಸ್ತ್ರಿ ಮಾಡಿದ ಅಂಗಿ.
ಯಾರೂ ಕೇಳುತ್ತಿಲ್ಲವೆಂದು ಅವರಿಗೆ ಗೊತ್ತಿದ್ದ ಹಾಗಿರಲಿಲ್ಲ,
ಅಥವಾ ಗೊತ್ತಿತ್ತು, ಅಡ್ಡಿಯಿರಲಿಲ್ಲ.

ಎಡಗೈಯ ನಾಲ್ಕು ಬೆರಳು
ಪಾಲಾದ ಅಣ್ಣತಮ್ಮಂದಿರ ಹಾಗೆ
ಒಂದೊಂದು ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ಕೂತಿದ್ದವು;
ಮೀಟಿದರೆ ಒಂದೇ ಒಲೆಯ ಹೊಗೆ.

ಆಮೇಲೆ ಎರಡನೇ ತಂತಿಯನ್ನು ಪಕ್ಕಕ್ಕೆ ಎಳೆದರು.
ಸಾಧಾರಣ ಗಾಂಧಾರ ಎದ್ದು ಅಂತರದ ಕಡೆ ಹೊರಟಿತು.
ಹೊರಟದ್ದು ಸೇರಲಿಲ್ಲ.
ನಡುದಾರಿಯಲ್ಲಿ,
ಮೆಟ್ಟಿಲ್ಲದ ಕಡೆ,
ನಿಂತುಕೊಂಡಿತು,
ಕದ ತಟ್ಟಲೋ ಬೇಡವೋ ಅನ್ನುವವಳ ಹಾಗೆ
ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು.
ಸೇರಿಸಿಬಿಡಿ, ಮುಟ್ಟಿಸಿಬಿಡಿ ಎಂದು ಹಲ್ಲು ಕಚ್ಚಿದೆ.
ಅವರು ಬೆರಳು ಸಡಿಲಿಸಿದರು.
ಆಮೇಲೆ ನಾಲ್ಕು ಮಾತ್ರೆ ಏನೂ ಇಲ್ಲ.
ಟೀವಿಯಲ್ಲಿ ಯಾರೋ ಔಟಾದರು.

ಕಛೇರಿಗಳಲ್ಲಿ ಸ್ವರಗಳನ್ನು ಕಡಲೆಪುರಿಯ ಹಾಗೆ
ಬೊಗಸೆ ಬೊಗಸೆ ಎರಚಿದವರ ವೀಣೆಗೂ
ನಾನೇ ತಂತಿ ಕಟ್ಟಿದ್ದೇನೆ. ಚಪ್ಪಾಳೆಯನ್ನೂ ತಟ್ಟಿದ್ದೇನೆ.
ಇಲ್ಲಿ ಕೈ ಮೇಲೇಳಲಿಲ್ಲ, ತೊಡೆಯ ಮೇಲೇ ಉಳಿಯಿತು.

ಬಿಡುವಿನಲ್ಲಿ ನಿಂಬೆ ಸೋಡಾ ಹಿಡಿದು ಬಂದು ಕೂತರು.
'ಮೂಳೆ ಕೂತಿದೆ' ಅಂದೆ. ಬೇರೇನು ಹೇಳಲಿ.
ಇದನ್ನು ಏನಂತಾರೆ?
'ಬ್ಲೂಸು.'
ನೀಲಿಯಾ?
'ಹ್ಞೂಂ ಕಣಮ್ಮ. ಏಟು ಬಿದ್ದ ಕಡೆ ಆಗ್ತದಲ್ಲ, ಆ ನೀಲಿ.'
ಮತ್ತೆ ಇಷ್ಟು ಕಮ್ಮಿ ಯಾಕೆ ನುಡಿಸ್ತೀರಿ?
'ಯಾದವಗಿರಿ ಜಾವಾ ಫ್ಯಾಕ್ಟರಿಲಿ, ಬಾಗಿಲು ಹಾಕೋವರೆಗೂ,
ಕಾರ್ಬುರೇಟರ್ ಮುಂದೆ ಕೂತಿದ್ದೆ.
ತಿರುಪು ಕಾಲು ಸುತ್ತು ತಿರುಗಿಸಬೇಕು, ಕೈ ತೆಗೀಬೇಕು.
ತಿರುಗಿಸೋದು ಒಂದು ವಾರಕ್ಕೆ ಬಂತು.'
ಉಳಿದದ್ದು ಹೇಳಲಿಲ್ಲ.
ಸೋಡಾ ಮುಗಿಸಿ, ಅಂಗಿಯ ತೋಳು ಸರಿಮಾಡಿಕೊಂಡು ಎದ್ದರು.

ಅದರ ಮರುವಾರ
ಯದುಗಿರಿಯಮ್ಮನವರ ವೀಣೆಗೆ ಹೊಸ ಮೇಳ ಕಟ್ಟುತ್ತಿದ್ದೆ.
ಮೇಣ ಇನ್ನೂ ಬಿಸಿ. ಗಾಂಧಾರದ ಮೆಟ್ಟು
ಹೆಬ್ಬೆರಳ ಅಡಿಯಲ್ಲಿ ಮೆತ್ತಗೆ.
ಗೋಡೆಯ ಮೇಲೆ ಅಪ್ಪ, ಒಣಗಿದ ಹಾರದೊಳಗಿಂದ
ನನ್ನ ಕೈಯನ್ನೇ ನೋಡುತ್ತಿದ್ದರು.
ಒಂದು ಕೂದಲೆಳೆ ಸರಿಸಿದೆ.
ಕೈ ತೆಗೆದೆ.

ಐದು ದಿನ ಬಿಟ್ಟು ಆಟೋದಲ್ಲಿ ವೀಣೆ ವಾಪಸು ಬಂತು.
'ಏನೇ ಇದು, ಗಾಂಧಾರ ನಿಲ್ಲುವ ಕಡೆ ನಿಂತಿಲ್ಲ.'
ತಪ್ಪಾಯಿತಮ್ಮ, ಅಂದೆ.
ಮೊದಲ ದಿನವೇ ಯಾಕೆ ತರಲಿಲ್ಲ ಎಂದು
ಕೇಳಲಿಲ್ಲ.
ಒಲೆ ಹಚ್ಚಿ ಮೇಣ ಕರಗಿಸಿ ಸರಿಮಾಡಿಕೊಟ್ಟೆ.
ಕಾಸು ತಗೊಳ್ಳಲಿಲ್ಲ.