ಓಬಳೇಶ ಟಿಸಿ ತಗೊಂಡ ವಾರ

ಸುದ್ದಿ ಬಂದಾಗ ನರ್ಗಿಸ್ ಮಂಡಕ್ಕಿಯ ಪೊಟ್ಟಣ
ಇನ್ನೂ ಬಿಚ್ಚಿರಲಿಲ್ಲ.
"ಓಬಳೇಶ ಟಿಸಿ ತಗೊಂಡನಂತೆ."
"ಯಾವ ಓಬಳೇಶ?" ಅಂದ ಹಾಲೇಶ.
ಗೊತ್ತಿಲ್ಲದೆ ಕೇಳಿದ್ದಲ್ಲ ಅದು;
ಇನ್ನೊಬ್ಬ ಓಬಳೇಶ ಎಲ್ಲಾದರೂ ಇರಲಿ ಎಂದು.

ದುರ್ಗಕ್ಕಂತೆ.
ಧಾರವಾಡಕ್ಕಾದರೆ ಓದೋಕೆ ಅನ್ನಬಹುದಿತ್ತು,
ಮಂಗಳೂರಿಗಾದರೆ ಮೀನಿಗೆ ಅನ್ನಬಹುದಿತ್ತು.
ಹೋದ ವರ್ಷ ಐದನೇ ಸೆಟ್ಟಿನಲ್ಲಿ ನಮ್ಮ ಕೈಲಿ ಸೋತು
ರಾತ್ರೋರಾತ್ರಿ ನೆಟ್ಟಿನ ಹಗ್ಗ ಕೊಯ್ದು ಹೋದವರ
ಅಂಗಿ ತೊಡುತ್ತಾನಂತೆ ನಮ್ಮ ಲಿಫ್ಟರ್.
ಬೆನ್ನಿಗೆ ಅದೇ ಏಳನೇ ನಂಬರು.

"ಆ ಏಳು ನಾನು ಹೊಲಿದದ್ದು,
ಬಿಚ್ಚಿ ಕೊಟ್ಟು ಹೋಗಲಿ," ಟೈಲರ್ ನಾಗೇಂದ್ರಸಾ.
"ಎಷ್ಟು ಕೊಟ್ಟರಂತೆ?" ಯಾರೋ.
"ಹಾಸ್ಟೆಲ್ಲು, ಬೂಟು, ದಿನಕ್ಕೆರಡು ಮೊಟ್ಟೆ."
"ಎರಡು ಮೊಟ್ಟೆಗೆ ಊರು ಮಾರಿದನೇ!"
ಎಂದವನು ತಟ್ಟೆಯಲ್ಲಿದ್ದ ಮೂರನೇ ಮೆಣಸಿನಕಾಯಿ ಮುರಿದ.
ಅಸಲಿಗೆ ಅವನೂರು ಜಗಳೂರಿನಾಚೆ.
ಏಳೂವರೆಯ ಕೊನೆಯ ಬಸ್ಸಿಗೆ
ಆಟ ಮುಗಿಯುವ ಮೊದಲೇ ಚೀಲ ಹೆಗಲಿಗೇರಿಸಿ ಓಡುತ್ತಿದ್ದ,
ನಾವು ಸಿಳ್ಳೆ ಹೊಡೆದು ಛೇಡಿಸುತ್ತಿದ್ದೆವು.
ಬಸ್ಸು ತಪ್ಪಿದ ದಿನ ಎಲ್ಲಿ ಮಲಗುತ್ತಿದ್ದನೋ
ನನಗಂತೂ ಗೊತ್ತಿಲ್ಲ.

ಮಿಲ್ಲಿನಿಂದ ನಿವೃತ್ತನಾದ ಅಂಜಿನಪ್ಪ ಮಾತ್ರ
ಬೀಡಿ ಹಚ್ಚಿಕೊಂಡು ಹಳೇ ಕತೆ ತೆಗೆದ:
"ಮಗ್ಗ ತಿಳಿದೋನೊಬ್ಬ ಇದ್ದ ನಮ್ಮ ಪಾಳಿನಾಗೆ.
ಹರಿಹರದೋರು ಎಂಟಾಣೆ ಹೆಚ್ಚಿಗೆ ಕೊಟ್ಟು ಎಳಕೊಂಡ್ರು.
ಗೇಟಿನಾಗೆ ನಿಂತು ಬಾಯಿಗೆ ಬಂದಂಗೆ ಬೈದಿದ್ದೆ."
"ಆಮೇಲೆ?"
"ಆಮೇಲೇನು, ಎರಡು ತಿಂಗಳಿಗೆ ನಾನೂ ಹೋದೆ."

ಕಾಲೇಜಿನ ಹಿಂದಿನ ಗೋಡೆ ಮೇಲೆ
ಸುಣ್ಣದ ಕಡ್ಡಿಯಲ್ಲಿ ಸ್ಕೋರು ಬರೆಯೋನು ನಾನು.
ಮೂರು ವರ್ಷ ಅವನನ್ನೇ ನೋಡಿದವನು.
ಸ್ಮ್ಯಾಷ್ ಹೊಡೆದವನ ಹೆಸರು ಊರಿಗೆಲ್ಲ ಕೇಳುತ್ತೆ;
ಲಿಫ್ಟರ್ ಬೆರಳ ತುದಿಯಲ್ಲಿ ಚೆಂಡು
ಒಂದು ಚಣವೂ ಕೂರೋದಿಲ್ಲ,
ಕೂತರೆ ರೆಫರಿ ಊದುತ್ತಾನೆ.
ಓಬಳೇಶನ ಕಸುಬು ಅದರಲ್ಲೇ:
ಕಣ್ಣು ಎಡಕ್ಕೆ, ಭುಜ ಎಡಕ್ಕೆ, ಮೈಯೆಲ್ಲ ಎಡಕ್ಕೆ,
ಚೆಂಡು ಮಾತ್ರ ಬೆನ್ನ ಹಿಂದೆ, ಬಲಕ್ಕೆ.
ಎದುರಿನ ಮೂವರು ಖಾಲಿ ಗಾಳಿಗೆ ಕೈಯೆತ್ತಿ ಹಾರುತ್ತಿದ್ದರು
ಪೆದ್ದರ ಹಾಗೆ.
ಕುರ್ಚಿ ಮೇಲೆ ನಿಂತು ಕುಣಿದವರು ನಾವು.
ಹೋದ ಶುಕ್ರವಾರವೂ ನಕ್ಕೊಂಡು
"ನಾಳೆ ಬರ್ತೀನಣ್ಣ" ಎಂದ,
ಕಣ್ಣು ನಮ್ಮ ಕಡೆಗೇ ಇತ್ತು.
ಈ ಸಲ ಗಾಳಿಗೆ ಕೈಯೆತ್ತಿ ಹಾರಿದವರು
ಯಾರು ಅಂತ
ನಾನೇನೂ ಗೋಡೆ ಮೇಲೆ ಬರೆಯಲಿಲ್ಲ.

ಎಲ್ಲರ ಗದ್ದಲ ಇಳಿದ ಮೇಲೆ
ಭಟ್ಟಿಯ ದಾದಾಪೀರ್ ಬಾಣಲೆಯಿಂದ ತಲೆ ಎತ್ತದೆ ಅಂದ:
"ನಂಗೆ ಸೋಮವಾರನೇ ಗೊತ್ತಿತ್ತು."
"ಹೇಳಬಾರದಿತ್ತೇನೋ!"
"ಹೇಳೋಕೆ ಅವನೇನೂ ಹೇಳಿರ್ಲಿಲ್ಲ.
ಬಂದ, ಲೆಕ್ಕ ಕೇಳಿದ,
ಇನ್ನೂರ ಹನ್ನೊಂದು ರೂಪಾಯಿ ಪೂರಾ ಎಣಿಸಿ ಕೊಟ್ಟ.
ಬಾಕಿ ತೀರಿಸಿದ ಗಿರಾಕಿ
ಮತ್ತೆ ಬರೋದಿಲ್ಲ ಕಣಪ್ಪ."

ಗುರುವಾರ ಸಂಜೆ ಹೊಸ ಲಿಫ್ಟರ್ ಇಳಿದ.
ಚಮನ್‌ಸಾಬ್, ಮೊದಲ ವರ್ಷ, ಮೊಣಕಾಲಿಗೆ ಹಳೇ ಸಾಕ್ಸು.
ಮೊದಲ ಚೆಂಡು ಕರೆಂಟು ತಂತಿಗೆ ತಾಗಿತು,
ಎರಡನೆಯದು ಪ್ರಿನ್ಸಿಪಾಲರ ಕಾರಿಗೆ.
"ಅದೇ ಓಬಳೇಶ ಆಗಿದ್ರೆ..." ಎಂದು ಶುರು ಮಾಡಿದ ಹಾಲೇಶ
ಬಾಯಿಗೆ ಒಂದು ಹಿಡಿ ಮಂಡಕ್ಕಿ ತುಂಬಿಕೊಂಡ.

ಆಟ ಮುಗಿದು ಹುಡುಗ ಭಟ್ಟಿಗೆ ಬಂದ,
ಒಂದು ಖಾರ, ಎರಡು ಮೆಣಸಿನಕಾಯಿ.
ನಿಂತೇ ತಿಂದ. ಜೇಬಿಗೆ ಕೈ ಹಾಕಿದ.
ದಾದಾಪೀರ್ ಅಷ್ಟರಲ್ಲಿ ಎಣ್ಣೆ ಕೈಯಲ್ಲೇ
ನೋಟುಬುಕ್ಕಿನ ಹೊಸ ಹಾಳೆ ತಿರುವಿದ್ದ.
"ಇರಲಿ ಬಿಡೋ.
ಈಗಲೇ ಕೊಡಬೇಡ."