ಲಕೋಟೆಯ ಬೆನ್ನು

ಹದಿನಾರು ಪಿಕ್ಸೆಲ್ ಅಗಲ, ಹದಿನಾರು ಎತ್ತರ.
ಇಷ್ಟೇ ಜಾಗ ಕೊಟ್ಟಿದ್ದಾರೆ ನನಗೆ
ಇಡೀ ಅಂಚೆ ಇಲಾಖೆ ಕಟ್ಟಲು.

ಲಿಯೆಪಾಯದ ಬಂದರಿನೆದುರು ಮೂರನೇ ಮಹಡಿ.
ಕಿಟಕಿಯಾಚೆ ಕ್ರೇನುಗಳು ಮಂಜಿನಲ್ಲಿ ಅರ್ಧರ್ಧ,
ಯಾರೋ ಅವಸರದಲ್ಲಿ ಕುಗ್ಗಿಸಿ ಬಿಟ್ಟ ಚಿತ್ರದ ಹಾಗೆ.
ಗುಂಡಾರ್ಸ್ ಹೇಳುತ್ತಾನೆ: ಓರೆಗೆರೆ ಬೇಡ ಮಾರಾಯ್ತಿ,
ಸಣ್ಣದಾದರೆ ಮೆಟ್ಟಿಲಾಗುತ್ತದೆ.
ನಿಜ. ಮುಚ್ಚಳದ ಎರಡು ಓರೆಗೆರೆ ಇಳಿದು
ಕೂಡುವಲ್ಲಿ ಒಂದು ಚುಕ್ಕಿ ಹೆಚ್ಚು.
ಎಡಕ್ಕೆ ಸರಿಸಿದರೆ ಬಲ ಕುಂಟುತ್ತದೆ,
ಬಲಕ್ಕೆ ಸರಿಸಿದರೆ ಎಡ.
ಹದಿನಾರು ಸರಿಸಂಖ್ಯೆ; ಅದಕ್ಕೆ ನಡು ಎಂಬುದೇ ಇಲ್ಲ.
ಸೋಮವಾರದಿಂದ ಗುರುವಾರ ಇದರಲ್ಲೇ ಹೋಯಿತು,
ಎಳ್ಳಿನ ಪಕ್ಕ ಎಳ್ಳಿಟ್ಟು, ತೆಗೆದು, ಇಟ್ಟು.

ಶುಕ್ರವಾರ ಪರೀಕ್ಷೆಗೆ ಬಂದವರು ಐದು ಜನ.
ನಾಲ್ವರು ನೋಡಿದ ಕೂಡಲೇ ಅಂದರು: ಅಂಚೆ.
ಐದನೆಯವರು ಸ್ಕೈದ್ರೀತೆ ವಾನಗ, ಎಪ್ಪತ್ತಾರು.
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ,
"ಕಾಗದ ಯಾಕೆ ಮಗುಚಿ ಇಟ್ಟಿದ್ದೀಯ?" ಎಂದರು.

ಮೂವತ್ತೊಂದು ವರ್ಷ
ರೈಲು ನಿಲ್ದಾಣದ ಹಿಂದಿನ ಕೋಣೆಯಲ್ಲಿ
ಪತ್ರ ವಿಂಗಡಿಸಿದ ಕೈ. ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿ,
ಎದುರಿಗೆ ಊರಿಗೊಂದು ಗೂಡು:
ಕುಲ್ದೀಗ, ತಾಲ್ಸಿ, ವೆಂಟ್ಸ್‌ಪಿಲ್ಸ್.
ಓದಲಾಗದ ಬರಹಕ್ಕೆ ಕಾಲಬುಡದಲ್ಲಿ ಒಂದು.
"ಪತ್ರಕ್ಕೆ ಮುಖ ಅಂದರೆ ವಿಳಾಸ.
ಬೆನ್ನು ನೋಡುವವರು ಇಬ್ಬರೇ,
ಅಂಟಿಸಿದವರು, ಹರಿಯುವವರು.
ಆಗ ಇನ್ನೊಬ್ಬರೂ ನೋಡುತ್ತಿದ್ದರು, ಆವಿ ಹಿಡಿದು.
ಅವರ ಕೋಣೆ ಬೇರೆ."
ಅಷ್ಟು ಹೇಳಿ ಕಾಫಿಗೆ ಇನ್ನೊಂದು ಸಕ್ಕರೆ ಕೇಳಿದರು.

ಸಂಜೆ ಎಲ್ಲರೂ ಹೋದ ಮೇಲೆ ಮಗುಚಿದೆ.
ಇನ್ನೂರೈವತ್ತಾರರಲ್ಲಿ ಚೆಂದ:
ಮೂಲೆಗೆ ಅಂಚೆಚೀಟಿ, ಅದರ ಹಲ್ಲುಗಳೂ,
ಮೂರು ಸಾಲು ವಿಳಾಸ, ಅಲೆಯಲೆ ಮುದ್ರೆ.
ನಲವತ್ತೆಂಟರಲ್ಲಿ ಹಲ್ಲುದುರಿತು.
ಮೂವತ್ತೆರಡರಲ್ಲಿ ಮುದ್ರೆ ಕೊಳೆಯಾಯಿತು.
ಹದಿನಾರರಲ್ಲಿ
ಬ್ಯಾಂಕಿನ ಕಾರ್ಡೋ, ಗುರುತಿನ ಚೀಟಿಯೋ,
ಒಂದೇ ಕಿಟಕಿಯಿದ್ದ ಗೋಡೆಯೋ.
ಕನ್ನಡಿಯೊಳಗಿನ ಗಂಟಾದರೂ
ಗಂಟೆಂದು ಗೊತ್ತಾಗುತ್ತದೆ;
ಇದು ಅದೂ ಅಲ್ಲ.

ಮತ್ತೆ ಬೆನ್ನು ಮಾಡಿದೆ.
ಎರಡು ಓರೆಗೆರೆ, ಇಲ್ಲದ ನಡು.
ಗುಂಡಾರ್ಸ್ ಒಪ್ಪಿದ. ಟೈಲಿಗೆ ನೀಲಿ ತುಂಬಿದ,
ಬಲಮೂಲೆಯಲ್ಲಿ ಕೆಂಪು ಬಿಲ್ಲೆ ಕೂರಿಸಿದ, ಒಳಗೆ ಒಂದು ಎಂಬ ಅಂಕಿ.
ಬಂದ ಪತ್ರದ ಲೆಕ್ಕ ಅದು.
ಚೀಟಿ ಅಂಟಿಸುವ ಮೂಲೆಯಲ್ಲೇ ಕೂತಿದೆ,
ಪತ್ರದ ತಪ್ಪು ಮಗ್ಗುಲಲ್ಲಿ.

ವಾನಗ ಅವರಿಗೆ ಇದನ್ನು ಹೇಳಬೇಕು ಅನ್ನಿಸಿತು, ನಗುತ್ತಿದ್ದರೇನೋ.
ಫಾರಂ ಹುಡುಕಿ ತೆಗೆದೆ.
ಇಮೇಲ್ ಎಂದಿದ್ದ ಕಡೆ
ಪೆನ್ನಿನಲ್ಲಿ ಉದ್ದಕ್ಕೊಂದು ಗೆರೆ ಎಳೆದಿದ್ದಾರೆ.
ತುಸು ಓರೆ.
ಮೆಟ್ಟಿಲಿಲ್ಲ.