ಬೆಲ್ಲದ ಗೋದಾಮಿನ ಅಂಕಣ

ಏಳು ವರ್ಷ ನಮ್ಮ ಬೀದಿಗೆ
ಸಂಜೆ ಆರಕ್ಕೇ ಕತ್ತಲು.
ಮೈಸೂರಿನ ಬಸ್ಸು ಬೈಪಾಸಿನ ಕಡೆ ಹೊರಳಿತು.
ಮಂಡಿಯ ಬಾಗಿಲಿಗೆ ಬಿದ್ದ ಬೀಗದ ಕೈ ಯಾರಲ್ಲಿದೆಯೋ
ಮಂಡ್ಯದ ನಗರಸಭೆಗೂ ಗೊತ್ತಿರಲಿಲ್ಲ.

ನಾನು ನೂಲು, ಗುಂಡಿ, ಜಿಪ್ಪು, ಅಸ್ತರು ಮಾರುವವಳು.
ಇಡೀ ಹಗಲು ಕೂತು
ಎರಡೇ ಎರಡು ಅಂಗಿಗುಂಡಿ ಮಾರಿದ್ದುಂಟು,
ಅದರಲ್ಲೊಂದು ಸಾಲ.

ಆಮೇಲೆ ಗೋದಾಮಿನ ಹೆಂಚು ಇಳಿಸಿದರು.
ಮೊಳದಾಳ ಅಗೆದರೂ ಮಣ್ಣು ಬೆಲ್ಲ ಬೆಲ್ಲ ಅಂತಿತ್ತಂತೆ,
ಕೂಲಿಗೆ ಬಂದ ಕೆಂಪಾಜಮ್ಮ ಅಂಗೈ ಚಾಚಿದಳು:
‘ಮೂಸವ್ವ, ಇನ್ನೂ ಐತೆ.’
ಮೂಸಿದೆ. ನನಗೆ ಸುಣ್ಣದ ವಾಸನೆ ಬಂತು,
ಹೇಳಲಿಲ್ಲ.

ಈಗ ಅಲ್ಲಿ ನೀಲಿ ಚಾಪೆಯ ಕಬಡ್ಡಿ ಅಂಕಣ,
ಸುತ್ತ ಸಿಮೆಂಟಿನ ಮೆಟ್ಟಿಲು,
ಮಲಗಿದರೆ ನನ್ನ ಕಣ್ಣಿಗೇ ಹೊಡೆಯುವ ದೀಪ.
ಪಂದ್ಯದ ರಾತ್ರಿ, ಹಲಗೂರಿನ ಮರಿಲಿಂಗ,
ಒಣಕಲು ಹುಡುಗ, ಗೆರೆ ದಾಟಿ ಒಳನುಗ್ಗಿದರೆ
ಇನಾಯತ್ ಕಾವಲಿಯ ಮೇಲಿನ ಮೊಟ್ಟೆ ಮರೆಯುತ್ತಾನೆ,
ಸೋಡಾ ಅಂಗಡಿಯ ಗೋಲಿ ಅರ್ಧಕ್ಕೇ ನಿಲ್ಲುತ್ತದೆ,
ಕಬಡ್ಡಿ ಕಬಡ್ಡಿ ಕಬಡ್ಡಿ
ಒಬ್ಬನ ಉಸಿರಿಗೆ ಬೀದಿಗೆ ಬೀದಿಯೇ
ಮೂಗು ಹಿಡಿದುಕೊಂಡಿರುತ್ತದೆ.
ಬೆರಳ ತುದಿ ಗೆರೆಗೆ ತಾಗಿತೋ,
ಎಲ್ಲರ ಎದೆಯೂ ಒಟ್ಟಿಗೇ ಇಳಿಯುತ್ತದೆ.

ಎಲ್ಲರದೂ ಅಂದೆ. ಸುಳ್ಳು.
ಸೈಕಲ್ ರಿಪೇರಿಯ ದೊಳ್ಳಯ್ಯನ ಬಾಡಿಗೆ
ಎರಡೂವರೆಯಿಂದ ಆರು ಸಾವಿರಕ್ಕೆ ಹಾರಿ
ಅವನು ಪಂಪು, ಪಾನ, ಟ್ಯೂಬಿನ ತೊಟ್ಟಿ
ಕೈಗಾಡಿಗೆ ಹೇರಿಕೊಂಡು ಹೊರಟ.
‘ನಾ ಔಟು ಕನಕ್ಕ’ ಅಂದು ನಕ್ಕ.
ಕಬಡ್ಡಿಯಲ್ಲಿ ಔಟಾದವನು ಪಕ್ಕದಲ್ಲಿ ಕಾದು ಕೂರುತ್ತಾನೆ,
ತನ್ನವರು ಪಾಯಿಂಟು ಹೊಡೆದರೆ ಮತ್ತೆ ಒಳಗೆ.
ದೊಳ್ಳಯ್ಯನಿಗೆ ಯಾರು ಹೊಡೆದಾರು?
ಅವನಂಗಡಿಯಲ್ಲಿ ಈಗ ಮೊಬೈಲ್ ಕವರು.

ಪಂದ್ಯವಿಲ್ಲದ ಮಂಗಳವಾರ
ಮೆಟ್ಟಿಲ ಮೇಲೆ ಹೆಂಗಸರು ಅಕ್ಕಿ ಆರಿಸುತ್ತಾರೆ,
ಕಾನ್ವೆಂಟಿನ ಹುಡುಗಿಯರು ಲಂಗ ಎತ್ತಿಕಟ್ಟಿ
ಒಬ್ಬಳ ಕಾಲು ಇನ್ನೊಬ್ಬಳು ಹಿಡಿದು ಕೆಡವುತ್ತಾರೆ.
ವಾಚ್‌ಮನ್ನು ಬೈಯುತ್ತಾನೆ, ಅಂಕ ಎಣಿಸುವವನೂ ಅವನೇ.

ನಿನ್ನೆ ಹನ್ನೊಂದರ ರಾತ್ರಿ, ಷಟರು ಅರ್ಧ ಇಳಿಸಿದ್ದೆ,
ಬಗ್ಗಿ ಒಳಗೆ ಬಂದ ಮರಿಲಿಂಗ.
ಕಂಕುಳಲ್ಲಿ ಹರಿದ ಜರ್ಸಿ, ಮೊಣಕೈಯಲ್ಲಿ ರಕ್ತ.
‘ನೀಲಿ ನೂಲು ಐತಾ ಅಕ್ಕ?’

ಡಬ್ಬಿ ತೆಗೆದೆ, ಮುಚ್ಚಳ ತಟ್ಟಿದೆ,
ಖಾಲಿ ಉರುಳೆ ಟೇಬಲ್ಲಿನುದ್ದಕ್ಕೂ ಓಡಿತು.

‘ಮುಗಿದಿದೆ ಕಣಪ್ಪ,’ ಅಂದೆ.
ಈ ಮಾತು ಬಾಯಿಗೆ ಬಂದು ಎಷ್ಟು ಕಾಲವಾಗಿತ್ತೋ,
ಅವನಿಗೆ ಕೇಳಿಸದ ಹಾಗೆ
ಇನ್ನೊಂದು ಸಲ ಅಂದುಕೊಂಡೆ.
ಆಮೇಲೆ ಕರಿ ನೂಲಲ್ಲೇ ಹೊಲಿದುಕೊಟ್ಟೆ.